ಬಣ್ಣದ ಪುಸ್ತಕ, ಕಸೂತಿ, ಕೌದಿ: ಸಂಜೆಯ ಅರ್ಧ ಗಂಟೆಗೆ ಯಾವುದು?

ಬಾಗಲಕೋಟೆಯ ನವನಗರದಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನು, ಮನೆಗೆ ಬಂದ ಮೇಲೂ ತಲೆಯಲ್ಲಿ ಸುತ್ತುವ ಅಂಕಿಗಳಿಂದ ಬಿಡುವು ಬೇಕೆಂದು, ಮೂರು ತಿಂಗಳು, ತಿಂಗಳಿಗೊಂದರಂತೆ ಮೂರು ಕೈಕೆಲಸಗಳನ್ನು ದಿನವೂ ಅರ್ಧ ಗಂಟೆ ಮಾಡಿ ನೋಡಿದೆ.

ದೊಡ್ಡವರಿಗಾಗಿಯೇ ಬರುವ ಬಣ್ಣ ತುಂಬುವ ಪುಸ್ತಕದಲ್ಲಿ ಕಲಿಯುವುದೇನೂ ಇಲ್ಲ. ಮೊದಲ ವಾರ ಹಿತವೆನಿಸಿತು. ಕೈ ತಾನಾಗಿ ಓಡತೊಡಗಿದ ಮೇಲೆ ಮನಸ್ಸು ಮತ್ತೆ ಕಚೇರಿಗೇ ಹೋಗಿ ಕುಳಿತಿತು.

ಕಸೂತಿಯಲ್ಲಿ ಅದು ಸಾಧ್ಯವೇ ಇಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹೊಲಿಯಬೇಕು, ಗಂಟು ಹಾಕಬಾರದು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಮರಳುವಾಗ ತುಂಬಿದರೆ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ರ ಮೂಡುತ್ತದೆ. ಎಳೆ ಎಣಿಸಲು ಸಿಗುವಂಥ ಮ್ಯಾಟಿ ಬಟ್ಟೆಯ ಮೇಲೆ ಗೋಪುರದ ಚಿತ್ರ ಹೊಲಿಯುವಾಗ ನಾನು ಒಂದೇ ಒಂದು ಎಳೆ ತಪ್ಪಿದ್ದೆ. ಮರಳಿ ಬಂದ ದಾರ ಕಳಸದ ಬಳಿ ಸೇರಲೇ ಇಲ್ಲ, ಎರಡು ಸಂಜೆಯ ಕೆಲಸವನ್ನು ಬಿಚ್ಚಬೇಕಾಯಿತು. ಎಣಿಸುವಷ್ಟು ಹೊತ್ತು ಬೇರೆ ಯಾವ ಚಿಂತೆಯೂ ಸುಳಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ದಿನವಿಡೀ ಕಂಪ್ಯೂಟರ್ ನೋಡಿದ ಕಣ್ಣಿಗೆ ದೀಪದ ಬೆಳಕಿನಲ್ಲಿ ಆ ಎಣಿಕೆ ಭಾರವೇ ಆಯಿತು.

ಮೂರನೆಯದು ಕೌದಿ. ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ದಪ್ಪ ದಾರದಲ್ಲಿ ಸಾಲು ಹಿಡಿಯುವುದು, ಹರಿದಲ್ಲಿ ತುಂಡು ಹಚ್ಚುವುದು, ಇಷ್ಟೇ ಕೆಲಸ. "ಗಂಟು ಪದರಿನ ಒಳಗ ಹಾಕವಾ, ಹೊದ್ದಾಗ ಚುಚ್ಚಬಾರದು" ಎಂದು ಅತ್ತೆ ಹೇಳಿಕೊಟ್ಟದ್ದೊಂದೇ ಪಾಠ. ಸಾಲು ಸೊಟ್ಟಗಾದರೂ ಬಿಚ್ಚುವ ಪ್ರಮೇಯವಿಲ್ಲ. ಸೂಜಿ ಪದರುಗಳಲ್ಲಿ ಇಳಿದು ಏಳುವ ಲಯಕ್ಕೆ ಉಸಿರೂ ನಿಧಾನವಾಗುವುದನ್ನು, ಅವ್ವ ಉಡುತ್ತಿದ್ದ ಹಸಿರು ಸೀರೆಯ ನುಣುಪು ಬೆರಳಿಗೆ ತಾಗಿದಾಗ ಮೈ ಹಗುರಾಗುವುದನ್ನು ನಾನು ಪ್ರತಿ ಸಂಜೆ ಅನುಭವಿಸಿದೆ.

ನನಗೆ ಕೈಚಳಕವಿಲ್ಲವೆಂದು ಹಿಂಜರಿಯುವವರಿಗೆ ಒಂದು ಮಾತು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ತುಣುಕುಗಳೊಂದಿಗೆ 45 ನಿಮಿಷ ತೊಡಗಿದ ಬಳಿಕ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಮೊದಲಿನ ಅನುಭವ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. ಅವರು ಕೌದಿ ಹೊಲಿದವರಲ್ಲ, ಆದರೂ ಆ ಮಾತು ನನಗೆ ಧೈರ್ಯ ಕೊಟ್ಟಿತು.

ಈಗ ಕೆಲಸದ ದಿನಗಳ ಸಂಜೆ ಕೌದಿಗೆ ಮೀಸಲು. ಕಸೂತಿಯನ್ನು ನಾನು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ, ಕಿಟಕಿಯ ಬಿಸಿಲಿನಲ್ಲಿ, ಗೋಪುರವನ್ನು ಮತ್ತೆ ಕೆಳಗಿನ ಮೆಟ್ಟಿಲಿನಿಂದ ಎಣಿಸುತ್ತಿದ್ದೇನೆ.