ನದಿ ದಂಡೆಯ ರಾತ್ರಿಗೆ ಯಾವುದು: ಗಾಳಿ ಹಾಸಿಗೆ, ಮಡಚುವ ಮಂಚ, ಸ್ವಾಗ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ವಾಗ್‌ಗೆ, ಅಂದರೆ ಸುತ್ತಿ ಒಯ್ಯುವ ಕ್ಯಾನ್ವಾಸ್ ಹಾಸಿಗೆಗೆ. ಮೂರರ ಮೇಲೂ ಮಲಗಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬೆರಿ ಊರಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆ. ಅದರ ಹತ್ತಿರವೇ ಮರ್ರೆ ರಿವರ್ ನ್ಯಾಷನಲ್ ಪಾರ್ಕಿನ ಕಟರಪ್ಕೊ ಭಾಗ ಇದೆ. ನದಿಯಿಂದ ಕವಲೊಡೆದ ತೊರೆ, ಅದರ ಉದ್ದಕ್ಕೂ ನೀಲಗಿರಿ ಜಾತಿಯ ರಿವರ್ ರೆಡ್ ಗಮ್ ಮರಗಳು, ಅಲ್ಲಲ್ಲಿ ನಂಬರ್ ಹಾಕಿದ ಕ್ಯಾಂಪಿಂಗ್ ಜಾಗಗಳು. ಕುಡಿಯುವ ನೀರು, ಕಟ್ಟಿಗೆ ಎಲ್ಲ ನಾವೇ ಒಯ್ಯಬೇಕು. ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ, ಇಲ್ಲಿನ ಬಿಸಿಲುಕಾಲದಲ್ಲಿ, ಕಟ್ಟಿಗೆ ಬೆಂಕಿ ಹಾಕುವಂತಿಲ್ಲ. ಬೆಂಕಿ ಮುಂದೆ ಕೂರುವ ಆಸೆಯಿಂದ ನಾವು ಮೊದಲು ಹೋಗಿದ್ದು ಮೇ ತಿಂಗಳಲ್ಲಿ. ಆಗ ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ.

ಆ ಸಲ ಒಯ್ದಿದ್ದು ಟೆಂಟ್ ಮತ್ತು ಎಪ್ಪತ್ತು ಡಾಲರ್‌ನ ದೊಡ್ಡ ಗಾಳಿ ಹಾಸಿಗೆ. ಮನೆಯ ಕಾರ್ಪೆಟ್ ಮೇಲೆ ಊದಿ ಮಲಗಿ ನೋಡಿದಾಗ ರಾಜಮಂಚದ ಹಾಗಿತ್ತು.

ಅಲ್ಲಿ ಹೋದರೆ ಟೆಂಟ್ ಎಲ್ಲಿ ಹಾಕುವುದು ಅನ್ನುವುದೇ ದೊಡ್ಡ ಪ್ರಶ್ನೆ. ರೆಡ್ ಗಮ್ ಮರದ ಕೆಳಗೆ ನೆಲ ಮೆತ್ತಗಿರುತ್ತದೆ, ಉದುರಿದ ಎಲೆ ಹಾಸಿರುತ್ತದೆ. ಆದರೆ ಈ ಮರ ಗಾಳಿಯೇ ಇಲ್ಲದ ದಿನವೂ ಮುನ್ಸೂಚನೆ ಕೊಡದೆ ಆನೆಗಾತ್ರದ ಕೊಂಬೆ ಬೀಳಿಸುತ್ತದೆ. ಅದರ ಕೆಳಗೆ ಮಲಗಲೇಬಾರದು. ಹಾಗಾಗಿ ಬಯಲು ಜಾಗಕ್ಕೆ ಸರಿದೆವು. ಬಯಲಲ್ಲಿ ಏನಿತ್ತು ಗೊತ್ತಾ? ನೆಗ್ಗಿಲು ಮುಳ್ಳು!

ಹೌದು, ನಮ್ಮ ಹಿರಿಯೂರು ಕಡೆಯ ಅದೇ ನೆಗ್ಗಿಲು. ಚಿಕ್ಕವರಿದ್ದಾಗ ಬರಿಗಾಲಲ್ಲಿ ಓಡಿ ಎಷ್ಟು ಸಲ ಚುಚ್ಚಿಸಿಕೊಂಡಿಲ್ಲ! ಇಲ್ಲಿಯವರು ಇದಕ್ಕೆ ಕ್ಯಾಲ್‌ಟ್ರಾಪ್ ಅನ್ನುತ್ತಾರೆ. ಒಂದು ಕಾಯಿ ಒಣಗಿ ಐದು ಹೋಳಾಗುತ್ತದೆ, ಒಂದೊಂದು ಹೋಳಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮುಖ ಮಾಡಿರುತ್ತದೆ. ಬೇಸಿಗೆಯ ಗಿಡ ಒಣಗಿ ಹೋಗಿರುತ್ತದೆ, ಮುಳ್ಳು ಮಾತ್ರ ಮಣ್ಣಿನಲ್ಲೇ ಕಾಯುತ್ತಿರುತ್ತದೆ.

ನೆಲವನ್ನು ಗುಡಿಸಿ, ಟಾರ್ಪಾಲಿನ್ ಹಾಸಿ, ಅದರ ಮೇಲೆ ಟೆಂಟ್ ಹಾಕಿದೆ. ಇಷ್ಟು ಮಾಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಮುಳ್ಳು ಬಂದಿದ್ದು ಕೆಳಗಿನಿಂದ ಅಲ್ಲ, ನಮ್ಮ ಚಪ್ಪಲಿ ಅಟ್ಟೆಗೆ ಕಚ್ಚಿಕೊಂಡು ಬಾಗಿಲಿನಿಂದ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಬೆನ್ನು ನೆಲಕ್ಕೆ ತಾಗುತ್ತಿತ್ತು. ಮತ್ತೆ ಊದಿದೆ. ನಾಲ್ಕು ಗಂಟೆಗೆ ಮತ್ತೆ ನೆಲ. ಉಳಿದ ರಾತ್ರಿ ನಾವಿಬ್ಬರೂ ಜಾಕೆಟ್ ಹಾಕಿಕೊಂಡು ಕಾರಿನ ಸೀಟಿನಲ್ಲಿ ಕಳೆದೆವು.

ಬೆಳಿಗ್ಗೆ ತೂತು ಹುಡುಕುವ ಕೆಲಸ. ತೊರೆಯ ನೀರಿನಲ್ಲಿ ಅದ್ದಿ ಗುಳ್ಳೆ ನೋಡಿದೆ, ಮೂರು ಕಡೆ ಸಿಕ್ಕಿತು. ಒಂದು ತೂತು ಮೇಲಿನ ಮಖಮಲ್ಲಿನಂಥ ಬಟ್ಟೆಯ ಕಡೆ ಇತ್ತು. ಅದರ ಮೇಲೆ ತೇಪೆ ಅಂಟುವುದಿಲ್ಲ. ಆ ನುಣುಪನ್ನು ಪೂರ್ತಿ ಕೆರೆದು, ಒಣಗಿಸಿ, ಆಮೇಲೆ ಅಂಟು ಹಾಕಬೇಕು. ಒದ್ದೆಯಾದ ಹಾಸಿಗೆ ಮೇ ತಿಂಗಳ ಬಿಸಿಲಿಗೆ ಸಂಜೆಯಾದರೂ ಒಣಗಲಿಲ್ಲ. ಕಯಾಕ್ ಅನ್ನುವ ಪುಟ್ಟ ದೋಣಿ ಹತ್ತಬೇಕಾಗಿದ್ದ ದಿನವೆಲ್ಲ ಹಾಗೇ ಹೋಯಿತು. ತೂತಿಲ್ಲದಿದ್ದರೂ ಒಳಗಿನ ಗಾಳಿ ತಣ್ಣಗಾಗಿ ಬೆನ್ನು ಕೊರೆಯುತ್ತದೆ, ಅದು ಬೇರೆ ಮಾತು.

ಮುಂದಿನ ಸಲ ಮಡಚುವ ಮಂಚ ತಂದೆ. ಮುಳ್ಳಿನ ಭಯ ಇಲ್ಲ. ಕೆಳಗೆ ಗಾಳಿ ಆಡುವುದರಿಂದ ಮೇಲೊಂದು ದಪ್ಪ ಫೋಮ್ ಹಾಸಲೇಬೇಕು. ಕಾರಿನಲ್ಲಿ ಜಾಗ ಜಾಸ್ತಿ ಬೇಕು. ಅಮ್ಮ ಹಿರಿಯೂರಿನಿಂದ ಬಂದಾಗ ಇದರ ಮೇಲೆಯೇ ಮಲಗಿದ್ದು. ಮಂಡಿ ನೋವಿರುವವರಿಗೆ ನೆಲದಿಂದ ಏಳುವ ಕಷ್ಟ ಇಲ್ಲ ನೋಡಿ, ಅವರ ಮಟ್ಟಿಗೆ ಇದೇ ಸರಿ.

ಇನ್ನು ಸ್ವಾಗ್. ಹಿಂದೆ ರೈಲು ಪ್ರಯಾಣಕ್ಕೆ ಹೋಲ್ಡಾಲ್ ಒಯ್ಯುತ್ತಿದ್ದರಲ್ವಾ, ಅದರ ಅಣ್ಣ ಅನ್ನಿ. ದಪ್ಪ ಕ್ಯಾನ್ವಾಸ್, ಒಳಗೆ ಐದು ಸೆಂಟಿಮೀಟರ್ ಫೋಮ್, ತಲೆಯ ಮೇಲೆ ಎರಡು ಕಮಾನು, ಸೊಳ್ಳೆ ಪರದೆ. ಸುರುಳಿ ಬಿಚ್ಚಿದರೆ ಹಾಸಿಗೆ, ಸುತ್ತಿದರೆ ಗಂಟು. ನೆಗ್ಗಿಲು ಫೋಮ್‌ಗೆ ಚುಚ್ಚಿದರೂ ಏನೂ ಆಗುವುದಿಲ್ಲ, ಸೋರಲು ಗಾಳಿಯೇ ಇಲ್ಲವಲ್ಲ. ನಾನು ಕೊಟ್ಟಿದ್ದು ನೂರ ತೊಂಬತ್ತು ಡಾಲರ್. ಗಾಳಿ ಹಾಸಿಗೆ, ಪಂಪ್, ಟೆಂಟ್ ಎಲ್ಲ ಕೂಡಿಸಿದರೆ ಅದಕ್ಕಿಂತ ಹೆಚ್ಚೇ ಖರ್ಚಾಗಿತ್ತು.

ತೊಂದರೆಯೂ ಇದೆ. ಹೊಸ ಕ್ಯಾನ್ವಾಸನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಹಾಗೆ ಎರಡು ಮೂರು ಸಲ ಮಾಡಿದರೆ ನೂಲು ಉಬ್ಬಿ ಹೊಲಿಗೆಯ ತೂತು ಮುಚ್ಚಿಕೊಳ್ಳುತ್ತದೆ. ಚಳಿ ರಾತ್ರಿ ಎಲ್ಲ ಮುಚ್ಚಿ ಮಲಗಿದರೆ ಉಸಿರಿನ ತೇವವೇ ಒಳಗೆ ಹನಿಗಟ್ಟುತ್ತದೆ, ಒಂದು ಬದಿ ತೆರೆದಿಡಬೇಕು. ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಗ್ಯಾರಂಟಿ. ಫ್ಲಾಟಿನಲ್ಲಿರುವವರಿಗೆ ಒಣಗಿಸಲು ಬಾಲ್ಕನಿಯಾದರೂ ಬೇಕು. ಕಯಾಕ್‌ನಲ್ಲಿ ಸಾಮಾನು ಹೇರಿಕೊಂಡು ಹೋಗುವವರಿಗೆ ಇದು ಆಗುವುದೇ ಇಲ್ಲ, ಅಷ್ಟು ಭಾರ.

ನಾನು ಮಾತ್ರ ಶುಕ್ರವಾರ ಕೆಲಸ ಮುಗಿಸಿ ಹೊರಟು ಕತ್ತಲಲ್ಲಿ ತಲುಪುವವನು. ಆ ಹೊತ್ತಿನಲ್ಲಿ ಟೆಂಟ್ ಗೂಟ ಹೊಡೆಯುವ ತಾಳ್ಮೆ ಇರುವುದಿಲ್ಲ. ಸ್ವಾಗ್ ಆದರೆ ಐದು ನಿಮಿಷದ ಕೆಲಸ. ಬೆಳಿಗ್ಗೆ ಕೊರೆಲ್ಲಾ ಹಕ್ಕಿಗಳ ಗಲಾಟೆಗೆ ಎದ್ದರೆ ಪರದೆಯಾಚೆ ಮಂಜು ಮುಸುಕಿದ ತೊರೆ, ಮರಗಳ ಕಾಂಡದ ಮೇಲೆ 2022ರ ಕೊನೆಯ ದೊಡ್ಡ ನೆರೆ ಬಿಟ್ಟುಹೋದ ಕೆಸರಿನ ಗೆರೆ. ಮಲಗಿದಲ್ಲಿಂದಲೇ ಕಾಣುತ್ತದೆ.

ಹೆಂಡತಿಗೂ ಒಂದು ಸ್ವಾಗ್ ತಂದಾಗಿದೆ. ಚಪ್ಪಲಿ ಮಾತ್ರ ಈಗಲೂ ಹೊರಗೇ ಬಿಡುತ್ತೇವೆ, ಅಟ್ಟೆ ಮೇಲಕ್ಕೆ ಮಾಡಿ.