ವ್ಯಾಲಿ ಆಫ್ ಫ್ಲವರ್ಸ್: ನೀಲಿ ಗಸಗಸೆ ಹೂ ನೋಡಬೇಕೆಂದರೆ ಎರಡು ದಿನ ಕೊಡಿ

ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್‌ಗೆ ಹೋಗಿ ಬ್ಲೂ ಪಾಪಿ ಕಾಣಲೇ ಇಲ್ಲ ಎಂದು ಬೇಸರಪಡುವವರು ಎಷ್ಟೋ ಸಲ ಅದರ ಪಕ್ಕದಲ್ಲೇ ಬಿರಬಿರನೆ ನಡೆದು ಹೋಗಿರುತ್ತಾರೆ. ಎಲ್ಲರ ಕಣ್ಣೂ ಮುಂದಿನ ಬಯಲಿನ ಮೇಲೆ. ಈ ನೀಲಿ ಗಸಗಸೆಗೆ ಬೇಕಾದದ್ದು ಬಂಡೆಯ ಸಂದು, ತೇವ, ಅರೆನೆರಳು. ಪುಷ್ಪಾವತಿ ನದಿಯ ಸೇತುವೆ ದಾಟಿ ಏರುವಾಗ ಬಂಡೆಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಜೂನ್ 1ಕ್ಕೇ ಗೇಟು ತೆರೆಯುತ್ತದೆ, ಆದರೆ ಈ ಹೂವಿಗೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಮಳೆಗಾಲವೇ ಸರಿ.

ಮೊಣಕಾಲೆತ್ತರದ ಗಿಡ. ಕಾಂಡ, ಎಲೆ, ಮೊಗ್ಗು, ಎಲ್ಲದರ ಮೇಲೂ ಮುಳ್ಳಿನಂಥ ಬಿರುಸು ಕೂದಲು. ಅಂಥ ಒರಟು ಗಿಡದ ತುದಿಯಲ್ಲಿ ಒದ್ದೆ ರೇಷ್ಮೆಯಷ್ಟು ತೆಳುವಾದ ತಿಳಿನೀಲಿ ಎಸಳು, ನಡುವೆ ಹಳದಿ ಕೇಸರಗಳ ಗುಂಪು. ಒಮ್ಮೆ ಹೂಬಿಟ್ಟು ಬೀಜ ಕಟ್ಟಿತೆಂದರೆ ಗಿಡ ಸತ್ತೇಹೋಗುತ್ತದೆ. ಅದಕ್ಕೂ ಮೊದಲು ನೆಲಕ್ಕಂಟಿದ ಎಲೆಗಳ ಗೊಂಚಲಾಗಿಯಷ್ಟೇ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಫೋಟೋಗೆಂದು ಕಲ್ಲುದಾರಿ ಬಿಟ್ಟು ಇಳಿದವರ ಬೂಟಿನಡಿ ಸಿಗುವುದು ಅದೇ. ಹೂ ಕಿತ್ತರಂತೂ ಮುಂದಿನ ಪೀಳಿಗೆಯ ಬೀಜವೇ ಹೋಯಿತು. ಔಷಧಿಗೆಂದು ಬೇರು ಸಮೇತ ಕಿತ್ತೂ ಕಿತ್ತೂ ಹಿಮಾಲಯದಲ್ಲಿ ಇದು ಅಳಿವಿನಂಚಿಗೆ ಬಂದಿದೆ. ದಯವಿಟ್ಟು ದಾರಿಯ ಮೇಲೇ ನಿಂತು ಜೂಮ್ ಮಾಡಿ.

ಅರಣ್ಯ ಇಲಾಖೆಯ ವ್ಯವಸ್ಥೆ ಮೆಚ್ಚುವಂಥದ್ದು. ಕುದುರೆ, ಹೇಸರಗತ್ತೆ ಒಳಗೆ ಬಿಡುವುದಿಲ್ಲ, ರಾತ್ರಿ ತಂಗುವಂತಿಲ್ಲ. ಬೇರೆ ಗಿಡಗಳನ್ನು ಮುಚ್ಚಿಹಾಕುವ ಕಳೆಯನ್ನೂ ಕೀಳಿಸುತ್ತಾರೆ. ಕೊರತೆ ಎಂದರೆ ಸಮಯದ್ದು: ಸಂಜೆ 5ರೊಳಗೆ ಹೊರಬರಬೇಕು. 10 ಗಂಟೆಗೆ ಹೊರಟರೆ ನಡೆದದ್ದಷ್ಟೇ ಲಾಭ. ಬೆಳಿಗ್ಗೆ 7ಕ್ಕೇ ಗೇಟಿನ ಹತ್ತಿರ ಇರಿ. ಒಳಗೆ ಚಹಾದಂಗಡಿಯೂ ಇಲ್ಲ, ರಾತ್ರಿ ತಂಗುವ ಊರಾದ ಘಾಂಗರಿಯಾದಲ್ಲೇ ಪರಾಠಾ ಕಟ್ಟಿಸಿಕೊಳ್ಳಿ.

ಋಷಿಕೇಶದಿಂದ ಗೋವಿಂದಘಾಟ್‌ಗೆ ಇಡೀ ದಿನ ಬೇಕು. ಅಲ್ಲಿಂದ ಪುಲ್ನಾವರೆಗೆ 4 ಕಿ.ಮೀ. ಜೀಪು, ಆಮೇಲೆ ಘಾಂಗರಿಯಾಕ್ಕೆ ಸುಮಾರು 10 ಕಿ.ಮೀ. ಏರುನಡಿಗೆ. ಬೆಂಗಳೂರಿಂದ ಹೋಗುವವರು ವಾಪಸ್ ವಿಮಾನಕ್ಕೆ ಎರಡು ದಿನ ಹೆಚ್ಚು ಇಟ್ಟುಕೊಂಡೇ ಟಿಕೆಟ್ ಮಾಡಿಸಿ; ಮಳೆಗಾಲದಲ್ಲಿ ಬದರಿನಾಥ ರಸ್ತೆ ಗುಡ್ಡ ಕುಸಿದು ಮುಚ್ಚುವುದು ಮಾಮೂಲು. ಜಾಕೆಟ್ಟಿಗಿಂತ ಬ್ಯಾಗನ್ನೂ ಮುಚ್ಚುವ ಪೊಂಚೋ ಮೇಲು. ಕಣಿವೆಯಲ್ಲಿ ಹೂ ಸಿಗದಿದ್ದರೆ ಮರುದಿನ ಸಿಖ್ಖರ ಯಾತ್ರಾಸ್ಥಳ ಹೇಮಕುಂಡದ ಏರುದಾರಿಯ ಬಂಡೆಗಳಲ್ಲಿ ಹುಡುಕಿ. ಮೇಲೆ ಬ್ರಹ್ಮಕಮಲವೂ ಇರುತ್ತದೆ.