ಗದಗ–ಹೋಟಗಿ ರೈಲು: ಹದಿನೈದು ವರ್ಷ ಓಡಾಡಿದ ಮೇಲೆ

ಈ ಲೈನಿನಲ್ಲಿ ಸ್ಟೇಷನ್ ಹೆಸರಿನ ಕೊನೆಗೆ ‘ರೋಡ್’ ಅಂತ ಇದ್ದರೆ, ಇಳಿಯುವ ಮುಂಚೆ ಒಮ್ಮೆ ವಿಚಾರ ಮಾಡಿ. ಇಂಡಿ ರೋಡ್, ಬಸವನಬಾಗೇವಾಡಿ ರೋಡ್, ಕೂಡಲಸಂಗಮ ರೋಡ್, ಗುಳೇದಗುಡ್ಡ ರೋಡ್. ಬೋರ್ಡಿನ ಮೇಲೆ ಊರಿನ ಹೆಸರು ದೊಡ್ಡದಾಗಿ ಇರುತ್ತದೆ, ಊರು ಮಾತ್ರ ದೂರ ಇರುತ್ತದೆ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಅವ್ವನನ್ನು ಕರೆದುಕೊಂಡು ಇಂಥದ್ದೊಂದು ಸ್ಟೇಷನ್ನಿನಲ್ಲಿ ಇಳಿದೆ. ನಮ್ಮ ಜೊತೆ ಇಳಿದವರು ಏಳೆಂಟು ಮಂದಿ. ಅವರನ್ನೆಲ್ಲ ಕರೆದುಕೊಂಡು ಹೋಗಲು ಮನೆಯವರು ಬೈಕ್ ತಂದಿದ್ದರು. ಐದು ನಿಮಿಷಕ್ಕೆ ಎಲ್ಲರೂ ಹೋದರು. ಬಸ್ಸು ಇಲ್ಲ, ಆಟೋ ಇಲ್ಲ. ಏಪ್ರಿಲ್ ಬಿಸಿಲು. ಅವ್ವ ಬೇವಿನ ಗಿಡದ ಕೆಳಗೆ ಸೆರಗು ಹೊದ್ದು ಕೂತಳು. ಒಂದೂವರೆ ತಾಸಿನ ಮೇಲೆ ಒಂದು ಟಂಟಂ ಬಂತು. ಅವತ್ತಿನಿಂದ ಈ ಲೈನನ್ನು ಹೇಗೆ ಬಳಸಬೇಕು ಅಂತ ಒಂದೊಂದಾಗಿ ಕಲಿಯುತ್ತಾ ಬಂದಿದ್ದೇನೆ. ಹೊಸದಾಗಿ ಹೋಗುವವರಿಗೆ ಆ ತೊಂದರೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಬಾಗಲಕೋಟೆ. ಕೆಲಸ ವಿಜಯಪುರದಲ್ಲಿ, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 2010ರಿಂದ ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. ಅದರ ಜೊತೆಗೆ ಅವ್ವನ ಹರಕೆಗಳು. ಬಾದಾಮಿ ಬನಶಂಕರಿ ನಮ್ಮ ಮನೆದೇವರು, ಕೂಡಲಸಂಗಮ ಅಪ್ಪನಿಗೆ ಇಷ್ಟದ ಜಾಗ, ಪಂಢರಪುರ ಅವ್ವನ ತವರಿನವರ ನಡೆ. ಮೂರಕ್ಕೂ ನಾವು ಈ ಹಳಿಯನ್ನೇ ಹಿಡಿದು ಹೋಗುತ್ತೇವೆ.

ಹಳಿ ಹಳೆಯದು. 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ 1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ಗಾಡಿ ಓಡಿಸಿತು. ಬರ ಬಿದ್ದಾಗ ಈ ಸೀಮೆಗೆ ಕಾಳುಕಡಿ ತಲುಪಲಿ ಅಂತ ಹಾಕಿದ ಲೈನುಗಳಲ್ಲಿ ಇದೂ ಒಂದು. ಅವ್ವ ಈಗಲೂ ಹಳೆಯ ಗಾಡಿಗೆ ‘ಸಣ್ಣ ಗಾಡಿ’ ಅಂತಾಳೆ. ನಾನು ಓಡಾಡಲು ಶುರು ಮಾಡುವ ಹೊತ್ತಿಗೆ ಬ್ರಾಡ್‌ಗೇಜ್ ಆಗಿತ್ತು. ಒಟ್ಟು 284 ಕಿಲೋಮೀಟರ್. ಸೋಲಾಪುರದ ಪಕ್ಕದ ಹೋಟಗಿಯಿಂದ ಹೊರಟು ಭೀಮಾ, ಕೃಷ್ಣಾ, ಮಲಪ್ರಭಾ ಮೂರೂ ಹೊಳೆ ದಾಟಿ ಗದಗಕ್ಕೆ ಸೇರುತ್ತದೆ.

ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಹೆಂಗಸರಿಗೆ ಬಸ್ಸು ಫ್ರೀ ಇರುವಾಗ ರೈಲಿಗೆ ಯಾಕೆ ದುಡ್ಡು ಕೊಡುತ್ತೀ? 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ನಾನೂ ಎರಡು ತಿಂಗಳು ಬಸ್ಸಿನಲ್ಲೇ ಓಡಾಡಿದೆ. ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಬಸ್ಸು ಹೊತ್ತು ಹೊತ್ತಿಗೆ ಸಿಗುತ್ತದೆ. ಆದರೆ ಅವ್ವನಿಗೆ ಮಂಡಿ ನೋವು. ಎರಡು ತಾಸು ಕಾಲು ಮಡಿಚಿ ಕೂತರೆ ಇಳಿಯುವಾಗ ನಿಲ್ಲಲು ಆಗುವುದಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ, ಮೂತ್ರಕ್ಕೆ ಮತ್ತೆ ಮತ್ತೆ ಹೋಗಬೇಕು. ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ಆಕೆ ನೀರೇ ಕುಡಿಯುತ್ತಿರಲಿಲ್ಲ. ರೈಲಿನಲ್ಲಿ ಆ ಚಿಂತೆ ಇಲ್ಲ. ವಯಸ್ಸಾದ ಹೆಂಗಸರನ್ನು ಕರೆದುಕೊಂಡು ಹೋಗುವವರಿಗೆ ಇದೊಂದೇ ಕಾರಣ ಸಾಕು, ಅಲ್ವಾ? ಇನ್ನು ಪಂಢರಪುರಕ್ಕೆ ಹೊರಟರೆ ಮಹಾರಾಷ್ಟ್ರದ ಬಸ್ಸಿನಲ್ಲಿ ನಮ್ಮ ಶಕ್ತಿ ಟಿಕೆಟ್ ನಡೆಯುವುದಿಲ್ಲ. ಅಲ್ಲಿ ದುಡ್ಡಿನ ಲೆಕ್ಕದಲ್ಲೂ ರೈಲೇ ಹಗುರ.

ದುಡ್ಡಿನ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ಕೊರೊನಾದಲ್ಲಿ ಗಾಡಿ ನಿಂತು, ಆಮೇಲೆ ಶುರುವಾದಾಗ ಪ್ಯಾಸೆಂಜರ್ ಗಾಡಿಗೂ ಎಕ್ಸ್‌ಪ್ರೆಸ್ ದರ ಹಾಕಿದರು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. ಗಾಡಿ ಅದೇ, ನಿಲ್ಲುವ ಸ್ಟೇಷನ್ ಅವೇ, ದರ ಮಾತ್ರ ಬೇರೆ. ಹಳ್ಳಿಯಿಂದ ಹಾಲು, ಸೊಪ್ಪು, ರೊಟ್ಟಿ ತರುವವರು ಎಷ್ಟೋ ಜನ ಆ ದಿನಗಳಲ್ಲಿ ಕಾಣದೇ ಹೋದರು. 2024ರಲ್ಲಿ ಹಳೆಯ ದರ ಮರಳಿ ಬಂತು. ಅದರ ಮುಂದಿನ ವಾರವೇ ನಾನು ಡಬ್ಬಿಯಲ್ಲಿ ಪರಿಚಯದ ಮುಖ ಹುಡುಕಿದೆ. ಒಬ್ಬಾಕೆ ಸಿಕ್ಕಳು.

ಆಕೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ರೊಟ್ಟಿ ಮಾರುವಾಕೆ. ತಲೆಯ ಮೇಲೆ ಬಿದಿರಿನ ಬುಟ್ಟಿ, ಅದರ ಮೇಲೆ ತೊಳೆದು ತೊಳೆದು ತೆಳುವಾದ ಬಿಳಿ ಬಟ್ಟೆ. ಬುಟ್ಟಿಯನ್ನು ಸೀಟಿನ ಕೆಳಗೆ ಇಡುವುದಿಲ್ಲ, ಜನ ಕಾಲು ಇಡುವ ಜಾಗ ಅಂತ. ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆಯ ನಾಲ್ಕೂ ಮೂಲೆ ಬಿಚ್ಚುತ್ತಾಳೆ. ಒಂದು ಕಡೆ ಖಡಕ್ ರೊಟ್ಟಿ, ಒಂದು ಕಡೆ ಬಿಸಿ ರೊಟ್ಟಿ, ನಡುವೆ ಸ್ಟೀಲ್ ಡಬ್ಬಿಯಲ್ಲಿ ಎಣ್ಣೆಗಾಯಿ, ಸಣ್ಣ ಪೊಟ್ಟಣದಲ್ಲಿ ಶೇಂಗಾ ಹಿಂಡಿ. “ತಗೋರಿ ಅಕ್ಕಾರ, ಮುಂಜಾನೆ ನಾಕಕ್ಕ ಎದ್ದು ಬಡದೇನಿ” ಅನ್ನುತ್ತಾಳೆ. ರೊಟ್ಟಿಯ ಮೇಲೇ ಪಲ್ಯ ಹಾಕಿ ಕೈಗೆ ಕೊಡುತ್ತಾಳೆ, ತಟ್ಟೆ ಬೇಕಾಗುವುದಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಕೆಯ ಪಲ್ಯ ಹಳಸಿದ್ದು ನಾನು ಕಂಡಿಲ್ಲ. ದೊಡ್ಡ ಊರಿಗೆ ಹೋಗುವ ಎಕ್ಸ್‌ಪ್ರೆಸ್ಸುಗಳಲ್ಲಿ ಪ್ಯಾಕ್ ಮಾಡಿದ ಊಟ ತಿಂದಿದ್ದೇನೆ. ಈ ರೊಟ್ಟಿಗೆ ಅದು ಸಮ ಅಲ್ಲ.

ಇನ್ನು ತೊಂದರೆಗಳು. ದೊಡ್ಡದು ಕಾಯುವುದು. ಇದು ಒಂಟಿ ಹಳಿಯ ಲೈನಾಗಿತ್ತು. ಎದುರಿನ ಗಾಡಿ ಬರುವ ತನಕ ನಮ್ಮ ಗಾಡಿ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಪಕ್ಕಕ್ಕೆ ನಿಲ್ಲಬೇಕು. ಕೂಡಗಿಯಲ್ಲಿ 2400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಬಂದ ಮೇಲೆ ಕಲ್ಲಿದ್ದಲಿನ ಗಾಡಿಗಳೂ ಸೇರಿಕೊಂಡವು. ಐವತ್ತಕ್ಕೂ ಜಾಸ್ತಿ ವ್ಯಾಗನ್ ಎಣಿಸಿ ಎಣಿಸಿ ನನ್ನ ತಂಗಿಯ ಮಗ ಅಂಕಿ ಕಲಿತ. ಒಂದು ಸಲ ರಾತ್ರಿ ಹೀಗೆ ನಿಂತ ಗಾಡಿ ಎರಡು ತಾಸಾದರೂ ಅಲುಗಲಿಲ್ಲ. ಯಾಕೆ ನಿಂತಿದೆ, ಯಾವಾಗ ಬಿಡುತ್ತದೆ ಅಂತ ಯಾರೂ ಹೇಳಲಿಲ್ಲ. ಡಬ್ಬಿಯಲ್ಲಿ ಒಬ್ಬ ಬಾಣಂತಿ ಇದ್ದಳು, ಕೂಸಿನ ಹಾಲಿಗೆ ಬಿಸಿನೀರು ಬೇಕಿತ್ತು. ಪಕ್ಕದ ಹೊಲದ ಮನೆಯವರು ದೀಪ ಹಿಡಿದು ಬಂದು ಕೊಟ್ಟರು. ಗಾಡಿ ತಡವಾಗುವುದನ್ನು ನಾನು ತಡೆದುಕೊಳ್ಳುತ್ತೇನೆ. ಒಂದು ಮಾತೂ ಹೇಳದೆ ಜನರನ್ನು ಕತ್ತಲಲ್ಲಿ ಕೂರಿಸುವುದು ತಪ್ಪು. ಅದನ್ನು ಇವತ್ತೂ ಮರೆತಿಲ್ಲ.

2014–15ರಲ್ಲಿ ಮಂಜೂರಾದ ಡಬ್ಲಿಂಗ್, ಅಂದರೆ ಎರಡನೇ ಹಳಿ ಹಾಕುವ ಕೆಲಸ ತುಂಡು ತುಂಡಾಗಿ ಮುಗಿಯುತ್ತಾ ಬಂದಿದೆ. ಕರೆಂಟ್ ಎಂಜಿನ್ನುಗಳೂ ಬಂದಿವೆ. ಇದರ ಫಲ ನನ್ನ ಕಣ್ಣಿಗೆ ಕಾಣುತ್ತಿದೆ. ಕ್ರಾಸಿಂಗಿಗೆ ನಿಲ್ಲುವುದು ಬಹಳ ಕಡಿಮೆ ಆಗಿದೆ. ಮೊದಲು ಊರಿಗೆ ಹೊರಟಾಗ “ರಾತ್ರಿ ಊಟಕ್ಕೆ ಕಾಯಬೇಡಿ” ಅಂತ ಹೇಳಿಬಿಡುತ್ತಿದ್ದೆ. ಈಗ ಕಾಯಿರಿ ಅನ್ನುತ್ತೇನೆ.

ಆದರೆ ಹಳಿ ಎರಡಾದಷ್ಟು ಬೇಗ ಗಾಡಿ ಹೆಚ್ಚಾಗಿಲ್ಲ. ಬೆಂಗಳೂರಿಗೆ ರಾತ್ರಿ ಗಾಡಿ ಹಿಡಿಯಲು ನಮಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ಸೇ ಮೊದಲ ನೆನಪು. ಬಸವ ಎಕ್ಸ್‌ಪ್ರೆಸ್ ಬಾಗಲಕೋಟೆಯಿಂದ ಹೊರಟು ಕಲಬುರಗಿ, ರಾಯಚೂರು ಸುತ್ತಿ ಮೈಸೂರಿಗೆ ಹೋಗುತ್ತದೆ. ಬೆಂಗಳೂರಿಗೆ ಹೋಗುವ ಗಡಿಬಿಡಿಯಲ್ಲಿ ಇದನ್ನು ಹತ್ತಬೇಡಿ. ಗಾಣಗಾಪುರದ ದತ್ತನಿಗೆ ಹೋಗುವವರಿಗೆ ಮಾತ್ರ ಆ ದಾರಿ ಅನುಕೂಲ. ಹಗಲು ಹೊತ್ತಿನಲ್ಲಿ ಬಾದಾಮಿಗೆ ಹೋಗಿ ಅವತ್ತೇ ಹಿಂದಿರುಗುವಂತೆ ಇನ್ನೆರಡು ಪ್ಯಾಸೆಂಜರ್ ಬಂದರೆ ಎಷ್ಟೋ ಮನೆಗಳಿಗೆ ಸಹಾಯ ಆಗುತ್ತದೆ.

ಬಾದಾಮಿ ಅಂದೆ. ಅಲ್ಲಿ ‘ರೋಡ್’ ಅಂತ ಬರೆದಿಲ್ಲ, ಆದರೂ ಸ್ಟೇಷನ್ನಿನಿಂದ ಊರಿಗೆ ಸುಮಾರು 5 ಕಿಲೋಮೀಟರ್. ಊರಿನಿಂದ ಬನಶಂಕರಿ ಗುಡಿಗೆ ಮತ್ತೆ ಅಷ್ಟೇ. ಬನದ ಹುಣ್ಣಿಮೆ ಜಾತ್ರೆಯಲ್ಲಿ ಈ ದಾರಿಯೇ ಒಂದು ಪರೀಕ್ಷೆ. ಗಾಡಿ ನಿಂತ ಕೂಡಲೇ ಪ್ಲಾಟ್‌ಫಾರ್ಮ್ ತುಂಬ ಹಸಿರು ಬಳೆ, ಇಳಕಲ್ ಸೀರೆ, ತಲೆಯ ಮೇಲೆ ಗಂಟು. ಆಟೋದವರು ಆ ದಿನ ಬಾಯಿಗೆ ಬಂದ ದರ ಹೇಳುತ್ತಾರೆ. ಒಬ್ಬ ಅವ್ವನ ಮಂಡಿ ನೋಡಿ ದರ ಏರಿಸಿದ. ನಾನು ಜಗಳ ಮಾಡಲಿಲ್ಲ, ಅವ್ವ ಮಾಡಿದಳು. “ದೇವಿ ದರ್ಶನಕ್ಕ ಬಂದವರ ಹಂತೇಕ ಹಿಂಗ ಕೇಳ್ತಿಯೇನೋ ತಮ್ಮಾ?” ಅಂದಳು. ಹುಡುಗ ತಲೆ ತಗ್ಗಿಸಿ ಸರಿಯಾದ ದರಕ್ಕೇ ಬಂದ. ಎಲ್ಲರಿಗೂ ಇಂಥ ಅವ್ವ ಇರುವುದಿಲ್ಲವಲ್ಲ. ನಾಲ್ಕೈದು ಮಂದಿ ಸೇರಿ ಆಟೋ ಹಿಡಿಯಿರಿ, ಹತ್ತುವ ಮುಂಚೆಯೇ ದರ ಮಾತಾಡಿ.

ಜಾತ್ರೆಗೆ ಹೋಗುವುದಿದ್ದರೆ ಹುಣ್ಣಿಮೆಯ ಹಿಂದಿನ ದಿನವೇ ಹೋಗಿ. ಅವತ್ತು ಪಲ್ಲೇದ ಹಬ್ಬ. ಬನಶಂಕರಿ ಶಾಕಂಬರಿಯೂ ಹೌದು, ಅದಕ್ಕೇ 108 ಬಗೆಯ ಪಲ್ಯದ ನೈವೇದ್ಯ. ಜಾತ್ರೆ ಹುಣ್ಣಿಮೆಗೆ ಮುಗಿಯುವುದಿಲ್ಲ, ತಿಂಗಳ ತನಕ ನಡೆಯುತ್ತದೆ. ನಾಟಕ ಕಂಪನಿಗಳ ಟೆಂಟು, ಕಟ್ಟಿಗೆಯ ಬಾಗಿಲು ಚೌಕಟ್ಟಿನ ಸಂತೆ. ನಮ್ಮ ಮನೆಯ ತಲೆಬಾಗಿಲು ಅಲ್ಲಿಂದಲೇ ಬಂದದ್ದು, ಆದರೆ ಅದು ರೈಲಿನಲ್ಲಿ ಬರಲಿಲ್ಲ. ಗುಹೆಗಳು ಬಾದಾಮಿ ಊರಲ್ಲೇ ಇವೆ. ಪಟ್ಟದಕಲ್ಲು, ಐಹೊಳೆ ನೋಡಬೇಕೆಂದರೆ ಬಾದಾಮಿಯಿಂದ ಮುಂದೆ ಬಸ್ಸು ಅಥವಾ ಬಾಡಿಗೆ ಗಾಡಿಯೇ ಗತಿ.

ಕೂಡಲಸಂಗಮಕ್ಕೆ ನನ್ನ ಸಲಹೆ: ‘ರೋಡ್’ ಸ್ಟೇಷನ್ನಿನಲ್ಲಿ ಇಳಿಯಬೇಡಿ. ಬಾಗಲಕೋಟೆಯಲ್ಲಿ ಇಳಿದು ಬಸ್ಸು ಹಿಡಿಯಿರಿ. ಬಸವಣ್ಣ ಹುಟ್ಟಿದ ಬಾಗೇವಾಡಿಗೂ ಹೀಗೇ, ವಿಜಯಪುರದಿಂದ ಬಸ್ಸು ಮೇಲು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಬಸವಣ್ಣ ಹುಟ್ಟಿದ ಊರು, ಐಕ್ಯನಾದ ಜಾಗ, ಎರಡರ ಹೆಸರೂ ಒಂದೇ ಲೈನಿನ ಬೋರ್ಡಿನ ಮೇಲಿವೆ. ಎರಡಕ್ಕೂ ಹೋಗುವವರಿಗೆ ರೈಲು ಬಿಟ್ಟು ಬಸ್ಸು ಹತ್ತಿ ಅಂತ ಹೇಳಬೇಕಾಗಿದೆ. ಗಾಡಿ ಬರುವ ಹೊತ್ತಿಗೆ ಸ್ಟೇಷನ್ ಮುಂದೆ ಒಂದು ಬಸ್ಸು ನಿಂತಿದ್ದರೆ ಸಾಕು. ಹೊಸ ಹಳಿ ಬೇಡ, ಹೊಸ ಕಟ್ಟಡ ಬೇಡ.

ಹಾಗಂತ ಎಲ್ಲ ಕಡೆ ಹೀಗಿಲ್ಲ. ನಿಂಬಾಳದಲ್ಲಿ ಗುರುದೇವ ರಾನಡೆ ಅವರ ಆಶ್ರಮ ಸ್ಟೇಷನ್ನಿಗೆ ಹತ್ತಿರವೇ ಇದೆ. ಸಣ್ಣ ಸ್ಟೇಷನ್, ಸುತ್ತ ಹೊಲ, ಸಾಧಕರು ಕೈಚೀಲ ಹಿಡಿದು ನಡೆದೇ ಹೋಗುತ್ತಾರೆ. ವಿಜಯಪುರದಲ್ಲಿ ಗಾಡಿಯಿಂದಲೇ ಗೋಳಗುಮ್ಮಟ ಕಾಣುತ್ತದೆ, ಸ್ಟೇಷನ್ನಿನಿಂದ ನಡೆದು ಹೋಗಬಹುದು. ಗದಗಿನಲ್ಲಿ ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ ಮೂರಕ್ಕೂ ಆಟೋ ಸುಲಭವಾಗಿ ಸಿಗುತ್ತದೆ.

ಪಂಢರಪುರದ ಗಾಡಿಯ ಬಗ್ಗೆ ಹೇಳದೆ ಮುಗಿಸಲಾರೆ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಮೊದಲು ಸೋಲಾಪುರದ ತನಕ ಮಾತ್ರ ಹೋಗುತ್ತಿತ್ತು. ಅಲ್ಲಿ ಇಳಿದು, ಗಂಟು ಹೊತ್ತು, ಬಸ್ ಸ್ಟ್ಯಾಂಡ್ ಹುಡುಕಬೇಕು. ಇಲ್ಲ ಕುರ್ಡುವಾಡಿಗೆ ಹೋಗಿ ಗಾಡಿ ಬದಲಿಸಬೇಕು. ಈಗ ಅದೇ ಗಾಡಿ ಪಂಢರಪುರದ ತನಕ ಹೋಗುತ್ತದೆ. ವಿಜಯಪುರದಲ್ಲಿ ಹತ್ತಿದರೆ ವಿಠ್ಠಲನ ಊರಲ್ಲೇ ಇಳಿಯಬಹುದು. ಈ ಹದಿನೈದು ವರ್ಷದಲ್ಲಿ ಈ ಲೈನಿನ ಮೇಲೆ ಆದ ಕೆಲಸಗಳಲ್ಲಿ ನನಗೆ ಅತಿ ದೊಡ್ಡದು ಅನ್ನಿಸಿದ್ದು ಇದೇ. ಏಕಾದಶಿ ಹತ್ತಿರ ಬಂದರೆ ಜನರಲ್ ಡಬ್ಬಿಯಲ್ಲಿ ತಾಳ, ಏಕತಾರಿ ಹಿಡಿದವರು ತುಂಬಿರುತ್ತಾರೆ. ಹರೆಯದಲ್ಲಿ ದಿಂಡಿಯ ಜೊತೆ ನಡೆದು ಹೋದವರು ಈಗ ಕಾಲು ಸೋತು ರೈಲು ಹತ್ತಿದ್ದಾರೆ. ನಿಂತುಕೊಂಡೇ ಭಜನೆ. ಗಾಡಿ ಕುಲುಕಿದ ಹಾಗೆ ತಾಳವೂ ಕುಲುಕುತ್ತದೆ. ಕಳೆದ ಸಲ ಒಬ್ಬ ಅಜ್ಜ ತನ್ನ ಸೀಟು ಅವ್ವನಿಗೆ ಬಿಟ್ಟುಕೊಟ್ಟು ಬಾಗಿಲ ಹತ್ತಿರ ಕೂತರು. ಎಷ್ಟು ಹೇಳಿದರೂ ಮತ್ತೆ ಸೀಟಿಗೆ ಬರಲಿಲ್ಲ.

ಹೊಳೆ ಬಂದಾಗ ಅವ್ವ ಮಾತು ನಿಲ್ಲಿಸುತ್ತಾಳೆ. ಭೀಮಾ ಸೇತುವೆಯ ಮೇಲೆ ಕಿಟಕಿಯಿಂದ ಕೈ ಮುಗಿದು, “ಈ ನೀರು ವಿಠ್ಠಲನ ಪಾದ ಮುಟ್ಟಿ ಬಂದದ್ದು” ಅಂತಾಳೆ. ಪಂಢರಪುರದಲ್ಲಿ ಚಂದ್ರಭಾಗಾ ಅಂತ ಕರೆಯುವುದು ಈ ಭೀಮೆಯನ್ನೇ, ಅದು ಅಲ್ಲಿಂದಲೇ ಕೆಳಗೆ ಹರಿದು ಬರುತ್ತದೆ. ಆಲಮಟ್ಟಿಯ ಹತ್ತಿರ ಕೃಷ್ಣೆ ದಾಟುವಾಗ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ರೂಪಾಯಿ ನಾಣ್ಯ ತೆಗೆಯುತ್ತಾಳೆ. ಕಂಬಿಗೆ ಬಡಿಯದ ಹಾಗೆ, ಎರಡು ಕಂಬಗಳ ನಡುವಿನ ಸಂದು ನೋಡಿ ಎಸೆಯುತ್ತಾಳೆ. ಈ ಅಭ್ಯಾಸ ನನಗೂ ಬಂದಿದೆ. ವಾರದ ಓಡಾಟದಲ್ಲಿ ಒಬ್ಬಳೇ ಇದ್ದರೂ ಕೈ ತಾನಾಗಿ ಎದೆಗೆ ಬರುತ್ತದೆ.

ಅಂಕ ಕೊಡಿ ಅಂದರೆ ಪ್ರಯಾಣಕ್ಕೆ ಐದಕ್ಕೆ ನಾಲ್ಕು, ಸ್ಟೇಷನ್ನಿನಿಂದ ಮುಂದಿನ ದಾರಿಗೆ ಐದಕ್ಕೆ ಒಂದೂವರೆ ಕೊಡುತ್ತೇನೆ. ಟಾಯ್ಲೆಟ್ ಹೊರಡುವ ಊರಲ್ಲಿ ಸ್ವಚ್ಛ ಇರುತ್ತದೆ, ನಾಲ್ಕು ತಾಸಾದ ಮೇಲೆ ನೀರು ಇರುವುದೇ ಅನುಮಾನ. ಜೊತೆಗೆ ಒಂದು ಬಾಟಲಿ ನೀರು ಬೇರೆಯಾಗಿ ಇಟ್ಟುಕೊಳ್ಳಿ. ಕೆಲವು ಸಣ್ಣ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ತಗ್ಗು, ಮುದುಕರನ್ನು ಇಬ್ಬರು ಹಿಡಿದು ಇಳಿಸಬೇಕು. ರಿಸರ್ವೇಷನ್ 2024ರ ನವೆಂಬರಿನಿಂದ 60 ದಿನ ಮುಂಚೆ ಮಾತ್ರ ಶುರುವಾಗುತ್ತದೆ, ಮೊದಲಿನ ಹಾಗೆ ನಾಲ್ಕು ತಿಂಗಳು ಅಲ್ಲ. ಆಷಾಢ ಏಕಾದಶಿಗೆ, ಬನದ ಹುಣ್ಣಿಮೆಗೆ ಹೋಗುವವರು ಕ್ಯಾಲೆಂಡರಿನಲ್ಲಿ 60 ದಿನ ಹಿಂದಕ್ಕೆ ಎಣಿಸಿ ಆ ದಿನ ಬೆಳಿಗ್ಗೆಯೇ ಬುಕ್ ಮಾಡಿ. ಅವ್ವನ ವಯಸ್ಸು ಹಾಕುವಾಗ ಸುಮ್ನೆ ಅಂದಾಜಿನಲ್ಲಿ ಕಡಿಮೆ ಬರೆಯಬೇಡಿ. ನಾನು ಒಮ್ಮೆ ಹಾಗೆ ಬರೆದು ಲೋಯರ್ ಬರ್ತ್ ಕಳೆದುಕೊಂಡೆ. ಆ ರಾತ್ರಿ ಪರಿಚಯವಿಲ್ಲದ ಹುಡುಗನೊಬ್ಬ ತನ್ನ ಕೆಳಗಿನ ಬರ್ತ್ ಬಿಟ್ಟು ಮೇಲೆ ಹತ್ತಿದ.